ಸಂಘದ ಕಂಪ್ಯೂಟರಿನಲ್ಲಿ ಕನ್ನಡ ಯಾಕೆ ಬರಲಿಲ್ಲ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಇಬ್ಬರು ಆಡಿದ ಮಾತು ಇದು. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಹತ್ತಿರದ ಕಂಬಳಿ ನೇಕಾರರ ಸಂಘದ ಲೆಕ್ಕದ ತಂತ್ರಾಂಶಕ್ಕೆ ಕನ್ನಡದ ಸಾಲುಗಳನ್ನು ಬರೆದುಕೊಟ್ಟವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿರುವವಳು. ತಂತ್ರಾಂಶ ಮಾಡಿಕೊಟ್ಟವರು ಮೂಲ ಕೋಡನ್ನು ಸಂಘಕ್ಕೇ ಬಿಟ್ಟುಕೊಟ್ಟಿದ್ದರಿಂದ ಅವಳು ಅದನ್ನು ಬಿಡಿಸಿ ನೋಡಿದ್ದಾಳೆ.

– ಉಣ್ಣೆಯ ತೂಕ, ನೂಲಿನ ಲೆಕ್ಕ, ನೇಯ್ಗೆ ಕೂಲಿ, ಕಂಬಳಿ ಮಾರಾಟದ ಬಿಲ್ಲು, ಒಂದು ಸಾಲೂ ಬಿಡದಂಗೆ ಕನ್ನಡದಲ್ಲಿ ಬರೆದುಕೊಟ್ಟೆ ತಾಯಿ. ಮಾಡಿದ ಹುಡುಗರು ಅವರ ಲ್ಯಾಪ್‌ಟಾಪಿನಲ್ಲಿ ತೋರಿಸಿದ ಪರದೆಗಳೆಲ್ಲಾ ಸರಿಯಾಗೇ ಇದ್ದವು. ಸಂಘದ ಕಂಪ್ಯೂಟರಿಗೆ ಹಾಕಿದ ಮೇಲೆ ನೋಡಿದರೆ ಅರ್ಧಕ್ಕರ್ಧ ಇಂಗ್ಲಿಷು. ತಾರೀಕಂತೂ ಪೂರಾ ಇಂಗ್ಲಿಷು. ಒಂದು ಪರದೆಯಲ್ಲಿ ಯಾವ ಭಾಷೆಯೂ ಅಲ್ಲದ ಗುರುತುಗಳು. ರಸೀದಿಯ ಪರದೆ ತೆರೆಯೋದೇ ಇಲ್ಲ. ನಾನು ಬರೆದಿದ್ದನ್ನ ಯಾರಾದರೂ ಅಳಿಸಿದರಾ?

– ಅಳಿಸಿಲ್ಲ ಸಾರ್. ನೀವು ಬರೆದ ಸಾಲುಗಳು ಕೋಡಿನ ಜೊತೆ ಹಾಗೇ ಇವೆ. ತಂತ್ರಾಂಶಕ್ಕೆ ಅವು ಸಿಗುತ್ತಿಲ್ಲ. ಸಿಗದಿರೋದಕ್ಕೆ ಕಾರಣ ಪರದೆಯಿಂದ ಪರದೆಗೆ ಬೇರೆ.

– ಇರೋದು ಒಂದೇ ತಂತ್ರಾಂಶ. ಕಾರಣ ಹೆಂಗೆ ಬೇರೆ ಬೇರೆ ಆಗ್ತೈತೆ?

– ಹೊರಗಿನಿಂದ ಒಂದೇ, ಒಳಗೆ ಹಲವು ತುಂಡು. ಇದನ್ನ ಜಾವಾದಲ್ಲಿ ಬರೆದಿದ್ದಾರೆ, ಪರದೆಗಳು ಜಾವಾಎಫ್‌ಎಕ್ಸ್‌ನವು. ಉಣ್ಣೆ ಖರೀದಿ ಒಂದು ಮಾಡ್ಯೂಲ್, ಕೂಲಿ ಒಂದು, ಮಾರಾಟ ಒಂದು, ವರದಿ ಒಂದು. 2017ರ ಸೆಪ್ಟೆಂಬರಿನಲ್ಲಿ ಜಾವಾ 9 ಬಂದಾಗ ಈ ಮಾಡ್ಯೂಲ್ ವ್ಯವಸ್ಥೆ ಭಾಷೆಯ ಒಳಗೇ ಸೇರಿತು. ಪ್ರತಿ ಮಾಡ್ಯೂಲಿಗೂ ಒಂದು ಹೆಸರು ಇರುತ್ತೆ. ತನಗೆ ಬೇರೆ ಯಾವ ಮಾಡ್ಯೂಲ್ ಬೇಕು, ತನ್ನದರಲ್ಲಿ ಏನನ್ನು ಬೇರೆಯವರು ಬಳಸಬಹುದು ಅನ್ನೋದನ್ನ ಅದು ಮಾಡ್ಯೂಲ್-ಇನ್ಫೋ ಅನ್ನೋ ಫೈಲಿನಲ್ಲಿ ಬರೆದಿಟ್ಟಿರಬೇಕು. ಲೆಕ್ಕ ಮಾಡೋ ಆಜ್ಞೆಗಳು ಕೋಡು. ಅದರ ಜೊತೆಗೆ ಬೇಕಾಗೋದೆಲ್ಲ ರಿಸೋರ್ಸ್ ಫೈಲು: ಪರದೆಯ ವಿನ್ಯಾಸ, ಬಟನ್ನಿನ ಚಿತ್ರ, ಬಿಲ್ಲಿನ ನಮೂನೆ, ಕನ್ನಡದ ಫಾಂಟು, ಆಮೇಲೆ ನಿಮ್ಮ ಸಾಲುಗಳು. ನೀವು ಬರೆದ ಪ್ರತಿ ಸಾಲಿನಲ್ಲಿ ಎಡಗಡೆ ಒಂದು ಕೀಲಿ ಪದ, ಬಲಗಡೆ ಕನ್ನಡ. ಕೋಡು ಕೀಲಿ ಪದ ಹೇಳಿ ಕನ್ನಡ ಕೇಳುತ್ತೆ.

– ಎಡಗಡೆದನ್ನ ಮುಟ್ಟಬೇಡಿ ಅಂತ ಆ ಹುಡುಗರು ಹೇಳಿದ್ದರು. ಮೊದಲು ರಸೀದಿ ಪರದೆ ವಿಷಯ ಹೇಳು. ನೇಕಾರರು ಕೂಲಿ ತಗೊಂಡು ಸಹಿ ಹಾಕೋದು ಅಲ್ಲೇ.

– ಅಲ್ಲಿ ವಿಳಾಸದ್ದೇ ತೊಂದರೆ. ಎಸ್‌ಆರ್‌ಸಿ ಅನ್ನೋ ಫೋಲ್ಡರ್, ಅದರೊಳಗೆ ಮೇನ್, ಅದರೊಳಗೆ ರಿಸೋರ್ಸಸ್, ಅಲ್ಲಿ ರಸೀದಿಯ ಪರದೆ ಅಂತ ಕೋಡಿನಲ್ಲಿ ಬರೆದಿದ್ದಾರೆ. ಕೋಡು ಬರೆಯೋ ಕಂಪ್ಯೂಟರಿನಲ್ಲಿ ಆ ಫೋಲ್ಡರುಗಳೆಲ್ಲ ಇರುತ್ತವೆ. ಬಿಡುಗಡೆಗೆ ಕಟ್ಟುವಾಗ ಎಲ್ಲವೂ ಜಾರ್ ಅನ್ನೋ ಒಂದು ಕಟ್ಟಿನೊಳಗೆ ಹೋಗುತ್ತವೆ. ಜಾರ್ ಅಂದರೆ ಜಿಪ್ ಮಾಡಿದ ಫೈಲೇ. ಅದರೊಳಗೆ ಹೋದ ಮೇಲೆ ರಸೀದಿಯ ಪರದೆ ಡಿಸ್ಕಿನ ಮೇಲೆ ಪ್ರತ್ಯೇಕ ಫೈಲಾಗಿ ಉಳಿಯೋದಿಲ್ಲ. ಎಸ್‌ಆರ್‌ಸಿ ಅನ್ನೋ ಫೋಲ್ಡರಂತೂ ಸಂಘದ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ.

– ಅದೇ ಹೆಸರಿನ ಫೋಲ್ಡರ್ ಮಾಡಿ ಇಟ್ಟರೆ ಆಯ್ತಲ್ಲ?

– ಇವತ್ತಿಗೆ ನಡೆಯಬಹುದು. ಆದರೆ ಅಂಥ ವಿಳಾಸವನ್ನ ಎಲ್ಲಿಂದ ಎಣಿಸಬೇಕು ಅನ್ನೋದು ತಂತ್ರಾಂಶವನ್ನ ಎಲ್ಲಿಂದ ಓಡಿಸಿದರು ಅನ್ನೋದರ ಮೇಲೆ ನಿಂತಿದೆ. ಡೆಸ್ಕ್‌ಟಾಪಿನ ಐಕಾನ್ ಒತ್ತಿದರೆ ಒಂದು ಜಾಗ, ಬೇರೆ ಕಡೆಯಿಂದ ಓಡಿಸಿದರೆ ಇನ್ನೊಂದು. ಡಿಸ್ಕಿನಲ್ಲಿ ಹುಡುಕೋದನ್ನೇ ಬಿಡಬೇಕು ಸಾರ್. ಜಾವಾದಲ್ಲಿ ಪ್ರತಿ ಕ್ಲಾಸಿಗೂ, ಅಂದರೆ ಕೋಡಿನ ಪ್ರತಿ ಚಿಕ್ಕ ಘಟಕಕ್ಕೂ, ಗೆಟ್‌ರಿಸೋರ್ಸ್ ಅಂತ ಒಂದು ವಿಧಾನ ಇದೆ. ‘ನೀನು ಬಂದ ಕಡೆಯೇ ಈ ಹೆಸರಿನದು ಏನಾದರೂ ಇದೆಯಾ’ ಅಂತ ಕ್ಲಾಸನ್ನೇ ಕೇಳೋದು. ಅದು ಫೋಲ್ಡರಿನಿಂದ ಬಂದಿದ್ದರೆ ಫೋಲ್ಡರಿನಲ್ಲಿ, ಜಾರಿನಿಂದ ಬಂದಿದ್ದರೆ ಜಾರಿನಲ್ಲಿ ತಾನೇ ಹುಡುಕಿ ಕೊಡುತ್ತೆ.

– ನಮ್ಮ ಕಡೆ ಮನೆಗೊಂದು ಹಗೇವು ಇರ್ತಿತ್ತು. ನೆಲದೊಳಗೆ ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆದರೆ ಹೊರಗಿನವರಿಗೆ ಅದು ಬರೀ ಅಂಗಳ. ಜೋಳ ಬೇಕಾದರೆ ಊರ ನೆಲ ಅಗೆಯೋದಿಲ್ಲ, ಆ ಮನೆಯವರನ್ನ ಕೇಳ್ತೀವಿ. ನೀನು ಹೇಳೋದು ಅದೇ ತಾನೆ?

– ಅದೇ. ಕೇಳೋ ರೀತಿ ಮಾತ್ರ ಸರಿಯಾಗಿರಬೇಕು. ಹೆಸರಿನ ಮೊದಲಿಗೆ ಓರೆ ಗೆರೆ ಇದ್ದರೆ ಮಾಡ್ಯೂಲಿನ ಮೇಲ್ತುದಿಯಿಂದ ಹುಡುಕುತ್ತೆ. ಗೆರೆ ಇಲ್ಲದಿದ್ದರೆ ಆ ಕ್ಲಾಸ್ ಇರೋ ಪ್ಯಾಕೇಜಿನಿಂದ, ಅಂದರೆ ಕ್ಲಾಸುಗಳ ಗುಂಪಿನಿಂದ. ಕ್ಲಾಸಿನ ಬದಲು ಅದನ್ನ ತರೋ ಕ್ಲಾಸ್‌ಲೋಡರನ್ನ ಕೇಳಿದರೆ ಮೊದಲ ಗೆರೆ ಇರಲೇಬಾರದು. ಆ ಒಂದು ಗೆರೆ ಹೆಚ್ಚುಕಮ್ಮಿ ಆದರೆ ಕೈಗೆ ಬರೋದು ನಲ್, ಅಂದರೆ ಏನೂ ಇಲ್ಲ. ಅದನ್ನೇ ಪರದೆ ತೆರೆಯೋ ಎಫ್‌ಎಕ್ಸ್‌ಎಂಎಲ್ ಲೋಡರಿಗೆ ಕೊಟ್ಟರೆ ‘ಲೊಕೇಶನ್ ಈಸ್ ನಾಟ್ ಸೆಟ್’ ಅಂತ ಹೇಳಿ ನಿಂತುಬಿಡುತ್ತೆ. ಜಾವಾಎಫ್‌ಎಕ್ಸ್ ಕಲಿಯೋರು ಬಹಳ ಜನ ಮೊದಲು ಎದುರಿಸೋ ಸಾಲು ಇದೇ. ಇನ್ನೊಂದು ಇದೆ. ವಿಂಡೋಸಿನ ಫೋಲ್ಡರಿಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಜಾರಿಗೆ ಒಂದೇ ಅಲ್ಲ. ಬರೆಯೋರ ಲ್ಯಾಪ್‌ಟಾಪಿನಲ್ಲಿ ಸಿಕ್ಕ ಚಿತ್ರ ಕಟ್ಟಿದ ಮೇಲೆ ಸಿಗದೆ ಹೋಗೋದು ಎಷ್ಟೋ ಸಲ ಇದರಿಂದಲೇ. ಸಿಕ್ಕ ವಿಳಾಸವನ್ನ ಮತ್ತೆ ಡಿಸ್ಕಿನ ಹಾದಿಯಾಗಿ ಮಾಡಿಕೊಳ್ಳೋಕೂ ಹೋಗಬಾರದು. ಜಾರಿನ ಒಳಗಿನ ವಿಳಾಸ, ಮಾಡ್ಯೂಲುಗಳನ್ನ ಬೆಸೆದು ಮಾಡಿದ ಕಟ್ಟಿನ ಒಳಗಿನ ವಿಳಾಸ, ಎರಡೂ ಡಿಸ್ಕಿನ ಹಾದಿಗಳಲ್ಲ. ಗೆಟ್‌ರಿಸೋರ್ಸ್‌ಆ್ಯಸ್‌ಸ್ಟ್ರೀಮ್ ಅಂತ ಕೇಳಿ ಒಳಗಿರೋದನ್ನ ನೇರ ಓದಿಕೊಂಡರೆ ಯಾವ ಕಟ್ಟಾದರೂ ನಡೆಯುತ್ತೆ.

– ರಸೀದಿ ಸರಿಹೋಯ್ತು ಅನ್ನು. ವರದಿ ಪರದೆಯಲ್ಲಿ ನೇಯ್ಗೆ ಕೂಲಿಯ ಹೆಸರುಗಳೇ ಇಲ್ಲ, ಬರೀ ಕೀಲಿ ಪದಗಳು ಕಾಣ್ತಾವೆ. ಅದೇ ಹೆಸರು ಕೂಲಿ ಪರದೆಯಲ್ಲಿ ಚೆನ್ನಾಗಿ ಬರ್ತಾವೆ.

– ಆ ಹೆಸರುಗಳ ಫೈಲು ಇರೋದು ಕೂಲಿ ಮಾಡ್ಯೂಲಿನ ಒಳಗೆ. ವರದಿ ಮಾಡ್ಯೂಲು ಅದನ್ನ ಹೊರಗಿನಿಂದ ಓದೋಕೆ ಹೋಗಿದೆ. ಹಳೆಯ ಜಾವಾದಲ್ಲಿ ಎಲ್ಲ ಜಾರುಗಳೂ ಒಂದೇ ಸಾಲಿನಲ್ಲಿ ನಿಂತಿರುತ್ತಿದ್ದವು, ಯಾರು ಬೇಕಾದರೂ ಯಾರದ್ದನ್ನಾದರೂ ಓದಬಹುದಿತ್ತು. ಮಾಡ್ಯೂಲಿನಲ್ಲಿ ಹಾಗಿಲ್ಲ. ಪ್ಯಾಕೇಜಿನ ಒಳಗಿರೋ ರಿಸೋರ್ಸು ಆ ಮಾಡ್ಯೂಲಿನ ಸ್ವಂತದ್ದು. ಬೇರೆಯವರು ಕೇಳಿದರೆ, ಫೈಲು ಅಲ್ಲೇ ಇದ್ದರೂ, ಇಲ್ಲ ಅನ್ನೋ ಉತ್ತರವೇ ಬರುತ್ತೆ. ಕೊಡಬೇಕು ಅಂದರೆ ಒಡೆಯ ಮಾಡ್ಯೂಲು ತನ್ನ ಮಾಡ್ಯೂಲ್-ಇನ್ಫೋದಲ್ಲಿ ‘ಓಪನ್ಸ್’ ಅಂತ ಬರೆದು ಆ ಪ್ಯಾಕೇಜನ್ನ ತೆರೆದಿಡಬೇಕು. ಇಂಥವರಿಗೆ ಮಾತ್ರ ಅಂತಲೂ ಬರೆಯಬಹುದು.

– ಒಂದೇ ಸಂಘದ ಲೆಕ್ಕ. ಕೂಲಿಯ ಹೆಸರನ್ನ ವರದಿಯಿಂದ ಯಾಕಮ್ಮ ಮುಚ್ಚಿಡಬೇಕು? ಇದು ನನಗೆ ಸರಿ ಕಾಣಲ್ಲ.

– ಹೆಸರನ್ನ ಮುಚ್ಚಿಡಬೇಕು ಅಂತಲ್ಲ ಸಾರ್. ಆ ಫೈಲು ಎಲ್ಲಿದೆ, ಅದರ ಹೆಸರೇನು, ಒಳಗೆ ಹೇಗೆ ಬರೆದಿದೆ ಅನ್ನೋದು ಹೊರಗಿನವರಿಗೆ ಗೊತ್ತಿರಬೇಕಾಗಿಲ್ಲ ಅಂತ. ನಾಳೆ ಕೂಲಿ ಮಾಡ್ಯೂಲಿನವರು ಆ ಫೈಲನ್ನ ಎರಡು ಭಾಗ ಮಾಡಿದರು ಅಂದುಕೊಳ್ಳಿ. ಅದರೊಳಗೆ ನೇರ ಕೈ ಹಾಕಿದವರೆಲ್ಲ ಆ ದಿನ ಬೀಳ್ತಾರೆ. ಅದರ ಬದಲು ಕೂಲಿ ಮಾಡ್ಯೂಲೇ ‘ಈ ಕೆಲಸದ ಹೆಸರು ಕೊಡು’ ಅಂದರೆ ಕೊಡೋ ಒಂದು ವಿಧಾನ ಇಟ್ಟುಕೊಳ್ಳಲಿ. ಹಗೇವಿನ ಮಾತು ಹೇಳಿದಿರಲ್ಲ, ಹಾಗೆ. ಓಪನ್ಸ್ ಬೇಕಾಗೋ ಜಾಗಗಳು ಇವೆ. ಪರದೆಯ ಹಿಂದಿನ ಕೋಡನ್ನ ಎಫ್‌ಎಕ್ಸ್‌ಎಂಎಲ್ ಮುಟ್ಟೋಕೆ ಸಾಮಾನ್ಯವಾಗಿ ಅದು ಬೇಕು. ಆದರೆ ಒಂದು ಫೈಲು ಸಿಗಲಿಲ್ಲ ಅಂತ ಎಲ್ಲಾ ಪ್ಯಾಕೇಜುಗಳಿಗೂ ಓಪನ್ಸ್ ಬರೆದರೆ ಮಾಡ್ಯೂಲ್ ಮಾಡಿ ಏನು ಉಪಯೋಗ? ಕೆಲವರು ಅಡ್ಡಗೆರೆ ಇರೋ ಹೆಸರಿನ ಫೋಲ್ಡರ್ ಮಾಡಿ ಅದರಲ್ಲಿ ಇಡ್ತಾರೆ. ಅಡ್ಡಗೆರೆ ಇದ್ದರೆ ಅದು ಪ್ಯಾಕೇಜಿನ ಹೆಸರಾಗೋದಿಲ್ಲ, ಹಾಗಾಗಿ ಈ ಕಾವಲು ಅದಕ್ಕೆ ಅನ್ವಯಿಸೋದಿಲ್ಲ. ಎಲ್ಲರಿಗೂ ಬೇಕಾದ ಸಂಘದ ಮುದ್ರೆಯ ಚಿತ್ರದಂಥದ್ದಕ್ಕೆ ಅದು ಒಪ್ಪುತ್ತೆ.

– ಆಯ್ತು, ಒಪ್ಪಿದೆ. ಆ ಗುರುತು ಗುರುತಾಗಿ ಬಂದ ಪರದೆ? ಅದನ್ನ ನೋಡಿದಾಗ ನನಗೆ ಹಳೇ ದಿನ ನೆನಪಾಯ್ತು. ಶಾಲೆಯ ಸ್ಮರಣ ಸಂಚಿಕೆಗೆ ನುಡಿಯಲ್ಲಿ ಟೈಪ್ ಮಾಡಿಸಿದ್ದನ್ನ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಇದೇ ಥರ ಬರ್ತಿತ್ತು.

– ಆಗಿನ ಕಾರಣ ಬೇರೆ ಸಾರ್, ಆದರೂ ಅದು ರಿಸೋರ್ಸ್ ಸಿಗದ ಕಥೆಯೇ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂದಿದ್ದು 1998ರಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಆ ಕಾಲದ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳು. ಅವುಗಳ ಮೇಲೆ ಕನ್ನಡದ ಆಕಾರ ಕೂರಿಸುತ್ತಿದ್ದದ್ದು ಫಾಂಟು. ಆ ಒಂದು ಫಾಂಟ್ ಫೈಲು ಜೊತೆಗೆ ಹೋಗದಿದ್ದರೆ ಬರೆದದ್ದು ಯಾವ ಭಾಷೆ ಅನ್ನೋದೇ ತಿಳಿಯುತ್ತಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದ್ದೇ ಸಂಖ್ಯೆಗಳಿವೆ, 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ‘ಕ’ ಅಕ್ಷರದ್ದು 0ಸಿ95. ಫಾಂಟು ಯಾವುದಾದರೂ ‘ಕ’ ‘ಕ’ನೇ.

– ಹಂಗಿದ್ದ ಮೇಲೆ ಈಗ ಯಾಕೆ ಕೆಟ್ಟಿತು?

– ಓದಿದ ರೀತಿ ತಪ್ಪಿತು. ಜಾವಾದ ಪ್ರಾಪರ್ಟೀಸ್ ಫೈಲುಗಳನ್ನ, ಅಂದರೆ ನಿಮ್ಮ ಸಾಲುಗಳಿರೋ ಥರದ ಫೈಲುಗಳನ್ನ, ಯುರೋಪಿನ ಭಾಷೆಗಳಿಗೆ ಮಾಡಿದ ಲ್ಯಾಟಿನ್-1 ಎನ್ನೋ ಕ್ರಮದಲ್ಲಿ ಓದೋದು ಮೊದಲಿನಿಂದ ಬಂದ ರೂಢಿ. ಅದರಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟು. ಕನ್ನಡದ ಒಂದೊಂದು ಸಂಖ್ಯೆಗೂ ಯೂನಿಕೋಡನ್ನ ಉಳಿಸೋ ಯುಟಿಎಫ್-8 ಅನ್ನೋ ಕ್ರಮದಲ್ಲಿ ಮೂರು ಬೈಟು ಬೇಕು. ಲ್ಯಾಟಿನ್-1 ಅಂದುಕೊಂಡು ಓದಿದರೆ ಒಂದು ‘ಕ’ ಮೂರು ವಿದೇಶಿ ಗುರುತಾಗಿ ಒಡೆಯುತ್ತೆ. ಅದಕ್ಕೇ ಜಾವಾ 8ರವರೆಗೆ ಆ ಫೈಲಿನಲ್ಲಿ ಕನ್ನಡವನ್ನ ಕನ್ನಡವಾಗಿ ಬರೆಯೋ ಹಾಗಿರಲಿಲ್ಲ. ಪ್ರತಿ ಅಕ್ಷರದ ಬದಲು ಹಿಂದೋರೆ ಗೆರೆ, ಯು, ಆಮೇಲೆ ನಾಲ್ಕು ಅಂಕಿಯ ಸಂಖ್ಯೆ ಬರೆಯಬೇಕಿತ್ತು. ಹಾಗೆ ಬದಲಿಸಿಕೊಡೋಕೆ ಒಂದು ಸಲಕರಣೆಯೂ ಜಾವಾದ ಜೊತೆಗೇ ಬರುತ್ತಿತ್ತು.

– ಅಂದರೆ ನನ್ನಂಥವನು ಆ ಫೈಲು ತೆರೆದು ಓದೋಕೂ ಆಗ್ತಿರಲಿಲ್ಲ!

– ಆಗುತ್ತಿರಲಿಲ್ಲ. ಜಾವಾ 9ರಿಂದ ರಿಸೋರ್ಸ್‌ಬಂಡಲ್ ಎನ್ನೋದರ ಮೂಲಕ ಓದಿಸಿದರೆ ಯುಟಿಎಫ್-8 ಅಂತಲೇ ಓದುತ್ತೆ. ನೀವು ನೇರ ಕನ್ನಡದಲ್ಲಿ ಬರೆಯೋ ಹಾಗಾದದ್ದು ಇದರಿಂದಲೇ, ಇದು ನಮಗೆ ದೊಡ್ಡ ಉಪಕಾರ. ಆದರೆ ಪ್ರಾಪರ್ಟೀಸ್ ಅನ್ನೋ ಹಳೆಯ ಕ್ಲಾಸಿನ ಲೋಡ್ ವಿಧಾನಕ್ಕೆ ಬರೀ ಬೈಟುಗಳ ಹರಿವನ್ನ ಕೊಟ್ಟರೆ ಅದು ಇವತ್ತಿಗೂ ಲ್ಯಾಟಿನ್-1 ಅಂತಲೇ ಓದುತ್ತೆ. ಆ ಪರದೆಯವರು ಮಾಡಿರೋದು ಅದು. ಯುಟಿಎಫ್-8 ಅಂತ ಹೇಳಿದ ರೀಡರ್ ಮೂಲಕ ಕೊಟ್ಟರೆ ಮುಗಿಯಿತು. ಫಾಂಟನ್ನೂ ನಾನು ಮಾಡ್ಯೂಲಿನ ಒಳಗೇ ಇಡೋಣ ಅಂತಿದ್ದೀನಿ. ವಿಂಡೋಸಿನಲ್ಲಿ ಎಕ್ಸ್‌ಪಿ ಕಾಲದಲ್ಲಿ ತುಂಗಾ ಬಂತು, ವಿಂಡೋಸ್ 8ರಿಂದ ನಿರ್ಮಲಾ ಇದೆ, ಆದರೂ ಯಾವ ಕಂಪ್ಯೂಟರಿನಲ್ಲಿ ಏನಿದೆಯೋ ಅಂತ ನಂಬಿ ಕೂರೋದು ಬೇಡ. ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಹಂಚಬಹುದಾದ ಫಾಂಟು.

– ಈಗ ಮುಖ್ಯದ್ದು ಹೇಳು. ಮಾರಾಟದ ಪರದೆ ಪೂರಾ ಇಂಗ್ಲಿಷು. ತಾರೀಕಿನಲ್ಲಿ ಜನವರಿ, ಫೆಬ್ರವರಿ ಅನ್ನೋದೂ ಇಂಗ್ಲಿಷು. ತಿಂಗಳ ಹೆಸರು ನಾನು ಬರೆದುಕೊಟ್ಟಿರಲಿಲ್ಲ. ಅವು ಅದರಲ್ಲೇ ಇರ್ತಾವೆ ಅಂದಿದ್ದರು.

– ನನ್ನನ್ನೂ ಬಹಳ ಕಾಡಿದ್ದು ಅದೇ. ತಿಂಗಳ ಹೆಸರು, ವಾರದ ಹೆಸರು, ಪೂರ್ವಾಹ್ನ ಅಪರಾಹ್ನ, ಇವೆಲ್ಲ ಜಗತ್ತಿನ ಭಾಷೆಗಳಿಗೆ ಸೇರಿಸಿ ಯೂನಿಕೋಡಿನವರು ಇಟ್ಟಿರೋ ಸಿಎಲ್‌ಡಿಆರ್ ಅನ್ನೋ ಭಂಡಾರದಲ್ಲಿ ಕನ್ನಡಕ್ಕೂ ಇವೆ. ಜಾವಾ 9ರಿಂದ ಜಾವಾ ಮೊದಲು ನೋಡೋದು ಅದನ್ನೇ. ಆದರೆ ಅವು ಇರೋದು ಜೆಡಿಕೆ ಲೊಕೇಲ್‌ಡೇಟಾ ಅನ್ನೋ ಪ್ರತ್ಯೇಕ ಮಾಡ್ಯೂಲಿನಲ್ಲಿ. ಜಾವಾದ ಮೂಲ ಮಾಡ್ಯೂಲಿನ ಒಳಗೆ ಇಂಗ್ಲಿಷ್ ಇದೆ. ಕನ್ನಡ, ತೆಲುಗು, ಹಿಂದಿ ಎಲ್ಲ ಆ ಇನ್ನೊಂದರಲ್ಲಿ.

– ಇರಲಿ, ಅದೂ ಜಾವಾದ ಜೊತೆಗೇ ಬರ್ತೈತಲ್ಲ?

– ಪೂರ್ತಿ ಜಾವಾ ಹಾಕಿದ ಕಂಪ್ಯೂಟರಿನಲ್ಲಿ ಬರುತ್ತೆ. ಮಾಡಿದವರ ಲ್ಯಾಪ್‌ಟಾಪಿನಲ್ಲಿ ಇತ್ತು, ಅದಕ್ಕೇ ಅಲ್ಲಿ ತಾರೀಕು ಕನ್ನಡದಲ್ಲಿ ಬಂತು. ಸಂಘದ ಕಂಪ್ಯೂಟರಿಗೆ ಕಳಿಸುವಾಗ ಜೆಲಿಂಕ್ ಅನ್ನೋ ಸಲಕರಣೆಯಿಂದ ಬೇಕಾದಷ್ಟೇ ಜಾವಾವನ್ನ ಬೆಸೆದು ಚಿಕ್ಕ ಕಟ್ಟು ಮಾಡಿದ್ದಾರೆ. ಅದು ಒಳ್ಳೆಯದೇ, ಬಳಸೋರು ಬೇರೆಯಾಗಿ ಜಾವಾ ಹಾಕಿಕೊಳ್ಳಬೇಕಾಗಿಲ್ಲ. ಜೆಲಿಂಕ್ ಮಾಡೋದು ಇಷ್ಟು: ಮುಖ್ಯ ಮಾಡ್ಯೂಲನ್ನ ನೋಡುತ್ತೆ, ಅದು ‘ರಿಕ್ವೈರ್ಸ್’ ಅಂತ ಯಾರ್ಯಾರ ಹೆಸರು ಬರೆದಿದೆಯೋ ಅವರನ್ನ ತಗೊಳ್ಳುತ್ತೆ, ಅವರು ಬರೆದಿರೋರನ್ನ ತಗೊಳ್ಳುತ್ತೆ. ಯಾರೂ ಹೆಸರು ಬರೆಯದ ಮಾಡ್ಯೂಲು ಹೊರಗೇ ಉಳಿಯುತ್ತೆ. ಲೊಕೇಲ್‌ಡೇಟಾವನ್ನ ‘ಬೇಕು’ ಅಂತ ಯಾರೂ ಬರೆಯೋದಿಲ್ಲ. ಅದು ಸೇವೆ ಒದಗಿಸೋ ಮಾಡ್ಯೂಲು. ಇದ್ದರೆ ಓಡುವಾಗ ತಾನಾಗಿ ಬಂದು ಸೇರುತ್ತೆ, ಇಲ್ಲದಿದ್ದರೆ ಯಾರೂ ಕೇಳೋದಿಲ್ಲ.

– ಮಾರಾಟದ ಪರದೆಯ ನನ್ನ ಸಾಲುಗಳು?

– ಅದೇ ಹಾದಿ ಹಿಡಿದವು. ಖರೀದಿ, ಕೂಲಿ ಎರಡರ ಕನ್ನಡ ಆಯಾ ಮಾಡ್ಯೂಲಿನ ಒಳಗೇ ಇತ್ತು, ಉಳಿದುಕೊಂಡಿತು. ಮಾರಾಟದ್ದನ್ನ ‘ಕನ್ನಡ’ ಅನ್ನೋ ಪ್ರತ್ಯೇಕ ಮಾಡ್ಯೂಲಾಗಿ ಮಾಡಿ, ರಿಸೋರ್ಸ್‌ಬಂಡಲ್ ಒದಗಿಸೋ ಸೇವೆಯಾಗಿ ಸೇರಿಸಿದ್ದಾರೆ. ಭಾಷೆಗೊಂದು ಮಾಡ್ಯೂಲ್ ಅನ್ನೋದು ಜಾವಾದವರೇ ಒದಗಿಸಿರೋ ವ್ಯವಸ್ಥೆ, ತಪ್ಪೇನಿಲ್ಲ. ಆದರೆ ಆ ಮಾಡ್ಯೂಲಿನ ಹೆಸರನ್ನೂ ಯಾರೂ ‘ಬೇಕು’ ಅಂತ ಬರೆಯಲಿಲ್ಲ. ತಿಂಗಳಿನ ಕನ್ನಡ, ನಿಮ್ಮ ಕನ್ನಡ, ಎರಡನ್ನೂ ಜೆಲಿಂಕ್ ಒಂದೇ ಕಾರಣಕ್ಕೆ ಬಿಟ್ಟುಬಿಟ್ಟಿತು.

– ಬಿಟ್ಟಿತಲ್ಲ, ಒಂದು ಮಾತು ಹೇಳಬಾರದಿತ್ತಾ? ರಸೀದಿ ಪರದೆ ತೆರೆಯಲಿಲ್ಲ ಅಂತ ಆ ದಿನವೇ ಎಲ್ಲರಿಗೂ ಗೊತ್ತಾಯ್ತು. ಮಾರಾಟದ್ದು ಇಂಗ್ಲಿಷಿನಲ್ಲಿ ಬಂದಾಗ ಗುಮಾಸ್ತರು ಅದು ಇರೋದೇ ಹಂಗೆ ಅಂದುಕೊಂಡಿದ್ದರು. ನಾನಾಗಿ ಹೋಗಿ ನೋಡೋವರೆಗೂ ಯಾರೂ ಉಸಿರೆತ್ತಲಿಲ್ಲ.

– ಆ ಮಾತಿನಲ್ಲೇ ಎಲ್ಲಾ ಇದೆ ಸಾರ್. ರಿಸೋರ್ಸ್‌ಬಂಡಲ್ ಹುಡುಕೋ ಕ್ರಮ ಕೇಳಿ. ಮೊದಲು ಭಾರತದ ಕನ್ನಡ ಅಂತ ಹುಡುಕುತ್ತೆ. ಸಿಗದಿದ್ದರೆ ಬರೀ ಕನ್ನಡ. ಸಿಗದಿದ್ದರೆ ಆ ಕಂಪ್ಯೂಟರಿನ ಭಾಷೆ ಯಾವುದೋ ಅದು, ನಮ್ಮಲ್ಲಿ ಸಾಮಾನ್ಯವಾಗಿ ಇಂಗ್ಲಿಷ್. ಕೊನೆಗೆ ಯಾವ ಭಾಷೆಯ ಗುರುತೂ ಇಲ್ಲದ ಮೂಲ ಫೈಲು. ಅದರಲ್ಲೂ ಬರೆಯೋದು ಇಂಗ್ಲಿಷೇ. ಯಾವುದೂ ಸಿಗದಿದ್ದರೆ ಮಾತ್ರ ದೋಷ ಅಂತ ಹೇಳುತ್ತೆ. ಕನ್ನಡ ಕಳೆದುಹೋದರೆ ದೋಷವೇ ಅಲ್ಲ. ಜಾವಾದಲ್ಲಿ ಮಾತ್ರ ಹೀಗಿದೆ ಅನ್ನೋಹಾಗೂ ಇಲ್ಲ. ಲಿನಕ್ಸಿನ ತಂತ್ರಾಂಶಗಳು ಬಳಸೋ ಗೆಟ್‌ಟೆಕ್ಸ್ಟ್‌ನಲ್ಲಿ ಕೀಲಿ ಪದವೇ ಇಂಗ್ಲಿಷ್ ವಾಕ್ಯ. ಕನ್ನಡದ ಫೈಲು ಸಿಗದಿದ್ದರೆ ಆ ವಾಕ್ಯವೇ ಪರದೆಗೆ ಬರುತ್ತೆ. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಭಾಷೆಗೊಂದು ಫೋಲ್ಡರ್. ಅದನ್ನ ನಕಲು ಮಾಡೋದು ಮರೆತರೆ ಮೂಲ ಭಾಷೆಯಲ್ಲಿ ಸುಮ್ಮನೆ ಓಡುತ್ತೆ. ಇಂಗ್ಲಿಷ್ ಇದ್ದೇ ಇರುತ್ತೆ, ಉಳಿದ ಭಾಷೆ ಇದ್ದರೆ ಇರಲಿ ಅಂತ ಕಟ್ಟಿದ ವ್ಯವಸ್ಥೆಗಳು ಇವು.

– ಇದು ಅನ್ಯಾಯ ಅಲ್ಲೇನಮ್ಮ? ನಮ್ಮ ನೇಕಾರರಲ್ಲಿ ಇಂಗ್ಲಿಷ್ ಓದೋರು ಎಷ್ಟು ಜನ? ಅವರಿಗೆ ಕನ್ನಡ ಇಲ್ಲದ ಪರದೆಯೂ ಒಂದೇ, ತೆರೆಯದ ಪರದೆಯೂ ಒಂದೇ. ನಮ್ಮ ಊರಾಚೆ ಕಾವಲುಗಳಲ್ಲಿ ಏನೆಲ್ಲಾ ಬಂತು. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆ, ಈ ಕಡೆ ಡಿಆರ್‌ಡಿಒದ ಹಾರಾಟದ ಬಯಲು. 2023ರ ಏಪ್ರಿಲಿನಿಂದ 2024ರ ಜೂನಿನ ಒಳಗೆ ಇಸ್ರೋದವರು ಮೂರು ಸಲ ತಮ್ಮ ರೆಕ್ಕೆಯ ವಾಹನವನ್ನ ಹೆಲಿಕಾಪ್ಟರಿನಿಂದ ಬಿಟ್ಟು ಅಲ್ಲಿ ಇಳಿಸಿದರು. ನಾನು ಸಂತೋಷಪಟ್ಟೆ, ಮಕ್ಕಳಿಗೆ ಹೇಳಿದೆ. ಅದೇ ನೆಲದಲ್ಲಿ ಕುರಿ ಕಾಯ್ದು, ಉಣ್ಣೆ ಕತ್ತರಿಸಿ, ನೂತು, ನೇಯ್ದವನಿಗೆ ಅವನ ಕೂಲಿಯ ಲೆಕ್ಕ ಅವನ ಭಾಷೆಯಲ್ಲಿ ಸಿಗಬೇಕು ಅನ್ನೋದು ದೊಡ್ಡ ಆಸೆ ಏನಲ್ಲ. ಕನ್ನಡದ ಫೈಲು ಸಿಗದಿದ್ದರೆ ಆ ತಂತ್ರಾಂಶ ತೆರೆಯಲೇಬಾರದು. ಹಂಗೆ ಮಾಡು.

– ಅಲ್ಲಿ ಮಾತ್ರ ನಾನು ಒಪ್ಪೋದಿಲ್ಲ ಸಾರ್. ಕೂಲಿ ಬಟವಾಡೆಯ ದಿನ ತಂತ್ರಾಂಶ ತೆರೆಯದಿದ್ದರೆ ನೇಕಾರರು ಬರಿಗೈಲಿ ಮನೆಗೆ ಹೋಗಬೇಕಾಗುತ್ತೆ. ಕನ್ನಡಕ್ಕೋಸ್ಕರ ಅವರ ಕೂಲಿ ನಿಲ್ಲಬಾರದು. ಕಟ್ಟುವಾಗಲೇ ನಿಲ್ಲಿಸಬೇಕು, ಸಂಘದ ಮೇಜಿನ ಮುಂದೆ ಅಲ್ಲ.

– ಹೆಂಗೆ?

– ಮೊದಲು, ‘ಬೇಕು’ ಅಂತ ಬರೆಯೋದು. ಮುಖ್ಯ ಮಾಡ್ಯೂಲಿನ ಘೋಷಣೆಯಲ್ಲೇ ಕನ್ನಡ ಮಾಡ್ಯೂಲಿನ ಹೆಸರು ರಿಕ್ವೈರ್ಸ್ ಅಂತ ಬರಬೇಕು. ಆಗ ಅದು ಇಲ್ಲದೆ ಕಟ್ಟು ಕಟ್ಟೋಕೇ ಆಗೋದಿಲ್ಲ. ಲೊಕೇಲ್‌ಡೇಟಾವನ್ನ ಜೆಲಿಂಕಿಗೆ ಹೆಸರು ಹೇಳಿ ಸೇರಿಸಬೇಕು. ಎಲ್ಲ ಭಾಷೆಗಳೂ ಬಂದು ಕಟ್ಟು ದೊಡ್ಡದಾಗುತ್ತೆ ಅಂದರೆ ಇಂಗ್ಲಿಷ್ ಮತ್ತು ಕನ್ನಡ ಎರಡನ್ನೇ ಇಟ್ಟುಕೋ ಅಂತ ಹೇಳೋ ಸೌಲಭ್ಯ ಅದರಲ್ಲೇ ಇದೆ. ಆಮೇಲೆ, ಭಾಷೆಯ ಗುರುತಿಲ್ಲದ ಮೂಲ ಫೈಲನ್ನೇ ಕನ್ನಡದ್ದು ಮಾಡೋಣ ಅಂತಿದ್ದೀನಿ. ಇಂಗ್ಲಿಷ್ ಬೇಕಾದೋರಿಗೆ ಅದು ಇಂಗ್ಲಿಷ್ ಅನ್ನೋ ಗುರುತಿನ ಫೈಲಾಗಿ ಪಕ್ಕದಲ್ಲಿ ಇರಲಿ.

– ಅದು ಸರಿಯಾದ ಮಾತು. ಹುಡುಕಿ ಹುಡುಕಿ ಕೊನೆಗೆ ಬರೋದು ಕನ್ನಡಕ್ಕೇ.

– ಅಷ್ಟಕ್ಕೇ ಬಿಟ್ಟರೆ ಬರೋದಿಲ್ಲ ಸಾರ್, ಅಲ್ಲೊಂದು ತೊಡಕಿದೆ. ಕನ್ನಡ ಅನ್ನೋ ಗುರುತಿನ ಫೈಲು ಇಲ್ಲದೆ ಬರೀ ಮೂಲ ಫೈಲು ಸಿಕ್ಕರೆ, ಅದನ್ನ ಒಪ್ಪಿಕೊಳ್ಳೋ ಮುಂಚೆ ಕಂಪ್ಯೂಟರಿನ ಭಾಷೆಯದ್ದು ಇದೆಯಾ ಅಂತ ಇನ್ನೊಮ್ಮೆ ನೋಡುತ್ತೆ. ಸಂಘದ ವಿಂಡೋಸು ಇಂಗ್ಲಿಷಿನದು. ಪಕ್ಕದಲ್ಲಿರೋ ಇಂಗ್ಲಿಷ್ ಫೈಲು ಸಿಕ್ಕಿಬಿಡುತ್ತೆ. ಮೊದಲು ಕಂಟ್ರೋಲ್ ಅನ್ನೋದನ್ನ ಕೊಟ್ಟು ಈ ಬಳಸುದಾರಿಯನ್ನ ಮುಚ್ಚಬಹುದಿತ್ತು. ಹೆಸರಿರೋ ಮಾಡ್ಯೂಲಿನ ಒಳಗಿನಿಂದ ಅದನ್ನ ಬಳಸೋ ಹಾಗಿಲ್ಲ. ಅದಕ್ಕೆ ತಂತ್ರಾಂಶ ಶುರುವಾದ ಕೂಡಲೇ, ಒಂದು ಪರದೆಯೂ ತೆರೆಯೋ ಮುಂಚೆ, ಈ ತಂತ್ರಾಂಶದ ಭಾಷೆ ಕನ್ನಡ ಅಂತ ಕೋಡಿನಲ್ಲೇ ಹೇಳಿಬಿಡಬೇಕು. ಬಳಸೋರು ಇಂಗ್ಲಿಷ್ ಆರಿಸಿಕೊಂಡರೆ ಬೇರೆ ಮಾತು.

– ಇನ್ನು ನನ್ನದೊಂದು ಕೇಳು. ಎಲ್ಲಾ ಒಳಗೆ, ಎಲ್ಲಾ ಭದ್ರ ಅಂತೀಯ. ನಾಳೆ ಒಂದು ಕಾಗುಣಿತ ತಪ್ಪು ಕಂಡಿತು, ಕಂಬಳಿಯ ಒಂದು ಹೊಸ ನಮೂನೆಗೆ ಹೆಸರು ಬೇಕಾಯ್ತು. ಅದಕ್ಕೂ ನೀನು ಬೆಂಗಳೂರಿನಿಂದ ಬಂದು ಕಟ್ಟು ಬಿಚ್ಚಬೇಕಾ? ನನ್ನ ಫೈಲನ್ನ ಹೊರಗೆ ಒಂದು ಫೋಲ್ಡರಿನಲ್ಲಿ ಇಡು, ನೋಟ್‌ಪ್ಯಾಡಿನಲ್ಲಿ ನಾನೇ ತಿದ್ದುತೀನಿ. ಬರೆಯೋನಿಗೆ ತಿದ್ದೋ ಹಕ್ಕು ಇರಬೇಕು.

– ಹೊರಗೆ ಮಾತ್ರ ಇಟ್ಟರೆ ಯಾರೋ ಆ ಫೋಲ್ಡರ್ ಅಳಿಸಿದ ದಿನ ಕನ್ನಡ ಹೋಯಿತು. ಒಂದು ಸಾಲು ಬೀಳಿಸಿ ಉಳಿಸಿದರೆ ಆ ಸಾಲು ಹೋಯಿತು. ವಿಂಡೋಸಿನಲ್ಲಿ ತಂತ್ರಾಂಶಗಳು ಕೂರೋ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಸಾಮಾನ್ಯ ಬಳಕೆದಾರರು ಬರೆಯೋಕೂ ಆಗೋದಿಲ್ಲ.

– ಹಂಗಂತ ನನ್ನ ಕೈ ಕಟ್ಟೋದಾ? ನೇಕಾರರು ಬಂದು ‘ಮೇಷ್ಟ್ರೇ, ಇದು ತಪ್ಪೈತೆ’ ಅಂದರೆ ನಾನು ಏನು ಹೇಳಲಿ? ತಿದ್ದೋಕೆ ಬರದ ಕನ್ನಡ ಇಂಗ್ಲಿಷಿನಷ್ಟೇ ದೂರ ತಾಯಿ.

– ನೀವು ಹೇಳೋದು ನ್ಯಾಯ. ಎರಡನ್ನೂ ಇಡೋಣ. ಪೂರ್ತಿ ಕನ್ನಡ ಮಾಡ್ಯೂಲಿನ ಒಳಗೆ, ಅದನ್ನ ಯಾರೂ ಅಳಿಸೋಕಾಗೋದಿಲ್ಲ. ಹೊರಗೆ, ಬಳಕೆದಾರರ ಹೋಮ್ ಫೋಲ್ಡರಿನಲ್ಲಿ, ಬರೀ ತಿದ್ದುಪಡಿಯ ಫೈಲು. ನೀವು ಬದಲಿಸಿದ ಸಾಲುಗಳಷ್ಟೇ ಅದರಲ್ಲಿ. ಕೋಡು ಪ್ರತಿ ಕೀಲಿ ಪದಕ್ಕೂ ಮೊದಲು ಹೊರಗಿನದನ್ನ ನೋಡುತ್ತೆ, ಇಲ್ಲದಿದ್ದರೆ ಒಳಗಿನದು. ಆ ಫೈಲು ಪೂರಾ ಹೋದರೂ ನಿಮ್ಮ ಮೊದಲಿನ ಕನ್ನಡ ಉಳಿಯುತ್ತೆ. ಮುಂದಿನ ಬಿಡುಗಡೆಗೆ ಆ ತಿದ್ದುಪಡಿಗಳನ್ನ ನಾನು ಒಳಕ್ಕೆ ಸೇರಿಸ್ತೀನಿ. ಉಳಿಸುವಾಗ ಮಾತ್ರ ಬಿಓಎಂ ಇಲ್ಲದ ಯುಟಿಎಫ್-8 ಆರಿಸಿಕೊಳ್ಳಿ. ಅದು ಇದ್ದರೆ ಕಣ್ಣಿಗೆ ಕಾಣದ ಒಂದು ಗುರುತು ಫೈಲಿನ ಮೊದಲ ಕೀಲಿ ಪದಕ್ಕೆ ಅಂಟಿಕೊಂಡು ಆ ಒಂದು ಸಾಲು ಸಿಗದಂತಾಗುತ್ತೆ.

– ಇದಕ್ಕೆ ನಾನು ಒಪ್ಪಿದೆ. ಇನ್ನೊಂದು ತಿದ್ದೋದು ಐತೆ. ‘ಇವರಿಗೆ ಇಷ್ಟು ರೂಪಾಯಿ ಕೊಡಲಾಗಿದೆ’ ಅನ್ನೋ ಸಾಲಿನಲ್ಲಿ ಹೆಸರಿನ ಜಾಗಕ್ಕೆ ಆವರಣದೊಳಗೆ ಸೊನ್ನೆ, ಹಣದ ಜಾಗಕ್ಕೆ ಒಂದು ಅಂತ ಹಾಕಿಸಿದ್ದರು. ಸೊನ್ನೆಯ ಪಕ್ಕಕ್ಕೆ ‘ಗೆ’ ಸೇರಿಸಿದೆ. ತಿಪ್ಪಮ್ಮ ಅಂತ ಬಂದರೆ ತಿಪ್ಪಮ್ಮಗೆ, ಸಂಘ ಅಂತ ಬಂದರೆ ಸಂಘಗೆ! ನೋಡೋಕೆ ಆಗಲ್ಲ.

– ಇಂಗ್ಲಿಷಿನಲ್ಲಿ ಹೆಸರು ಬದಲಾಗದೆ ನಿಲ್ಲುತ್ತೆ, ನಮ್ಮಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತೆ. ಅದನ್ನ ಕೋಡಿನಲ್ಲಿ ಸರಿಮಾಡೋದಕ್ಕಿಂತ ವಾಕ್ಯ ತಿರುಗಿಸೋದು ಸುಲಭ. ‘ಪಡೆದವರು’ ಅಂತ ಬರೆದು ಎದುರಿಗೆ ಹೆಸರು, ‘ಮೊತ್ತ’ ಅಂತ ಬರೆದು ಎದುರಿಗೆ ಹಣ.

– ಹಂಗೇ ಬರೀತೀನಿ. ಕೊನೆಗೆ ಒಂದು. ನೀನು ಬೆಂಗಳೂರಿಗೆ ಹೋಗ್ತೀಯ. ಮುಂದಿನ ಸಲ ಬೇರೆ ಯಾರೋ ಕಟ್ಟು ಕಟ್ಟುತಾರೆ. ಕನ್ನಡ ಒಳಗೈತೋ ಇಲ್ಲವೋ ಅಂತ ಅವರಿಗೆ ಹೇಳೋರು ಯಾರು?

– ಪರೀಕ್ಷೆಯ ಕೋಡು. ಅದನ್ನ ಬರೆದು ಜೊತೆಗೇ ಇಟ್ಟು ಹೋಗ್ತೀನಿ. ಇಂಗ್ಲಿಷ್ ಫೈಲಿನ ಪ್ರತಿ ಕೀಲಿ ಪದವೂ ಕನ್ನಡದಲ್ಲಿ ಇದೆಯಾ ಅಂತ ನೋಡುತ್ತೆ. ಪ್ರತಿ ಮಾಡ್ಯೂಲಿನ ಪರದೆ, ಚಿತ್ರ, ಫಾಂಟು ಸಿಗುತ್ತಾ ಅಂತ ಒಂದೊಂದಾಗಿ ಕೇಳುತ್ತೆ. ಜನವರಿ ಅನ್ನೋ ತಿಂಗಳನ್ನ ಕನ್ನಡದಲ್ಲಿ ಬರೆಸಿ, ಬಂದದ್ದು ಕನ್ನಡದ ಅಕ್ಷರವೇ ಅಂತ ನೋಡುತ್ತೆ. ಇದೆಲ್ಲ ಕೋಡು ಬರೆಯೋ ಕಂಪ್ಯೂಟರಿನ ಫೋಲ್ಡರುಗಳ ಮೇಲೆ ಅಲ್ಲ, ಬೆಸೆದು ಮುಗಿಸಿದ ಕಟ್ಟಿನ ಮೇಲೆ ಓಡಬೇಕು. ಅಲ್ಲಿ ಸರಿ ಬಂದದ್ದು ಇಲ್ಲಿ ಬರಲಿಲ್ಲ ಅನ್ನೋದೇ ಅಲ್ಲವೇ ಸಾರ್ ನಮ್ಮ ತೊಂದರೆ. ಒಂದು ಸಾಲು ಸಿಗದಿದ್ದರೂ ಕಟ್ಟೋ ಕೆಲಸ ಅಲ್ಲೇ ನಿಲ್ಲುತ್ತೆ, ಸಂಘಕ್ಕೆ ಕಳಿಸೋಕೆ ಕಟ್ಟೇ ತಯಾರಾಗೋದಿಲ್ಲ.

– ಹಂಗಾದರೆ ತೆರೆಯಲೇಬಾರದು ಅಂದ ನನ್ನ ಮಾತನ್ನೇ ನೀನು ಬೇರೆ ಜಾಗದಲ್ಲಿ ಇಟ್ಟೆ.

– ಹೌದು ಸಾರ್, ನೇಕಾರರಿಗೆ ತೊಂದರೆ ಆಗದ ಜಾಗದಲ್ಲಿ.

– ಕನ್ನಡದಲ್ಲಿ ತಂತ್ರಾಂಶ ಮಾಡೋ ನಿನ್ನ ಜೊತೆಯವರಿಗೂ ಹೇಳಮ್ಮ. ಕಟ್ಟಿ ಮುಗಿಸಿದ್ದನ್ನ ಜಾವಾ ಹಾಕದ, ಇಂಗ್ಲಿಷ್ ವಿಂಡೋಸಿನ ಒಂದು ಕಂಪ್ಯೂಟರಿಗೆ ಹಾಕಿ, ಕನ್ನಡ ಮಾತ್ರ ಓದೋರನ್ನ ಒಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪರದೆ ತೆರೆದು ನೋಡಲಿ. ತಾರೀಕಿನ ಜಾಗವನ್ನ ಮರೆಯದೆ ನೋಡಲಿ. ಅಲ್ಲಿವರೆಗೂ ಬಿಡುಗಡೆ ಮಾಡೋದು ಬೇಡ.